40 ಅಡಿಯೋ, 43 ಅಡಿಯೋ: ಸಾಫ್ಟ್‌ಬಾಲ್ ಅಂಗಳದ ಮೂರು ಅಡಿಯ ಲೆಕ್ಕ

ತಿರುವನಂತಪುರದ ಶ್ರೀಕಾರ್ಯಂ ಜಂಕ್ಷನ್ ದಾಟಿ ಕಳಕ್ಕೂಟ್ಟಂ ಕಡೆಗೆ ಸಾಗಿದರೆ ಸ್ವಲ್ಪ ಹೊತ್ತಿನಲ್ಲೇ ಕಾರ್ಯವಟ್ಟಂ ಬರುತ್ತದೆ. ಕ್ರಿಕೆಟ್ ನೋಡುವವರಿಗೆ ಅದು ಗ್ರೀನ್‌ಫೀಲ್ಡ್ ಕ್ರೀಡಾಂಗಣದ ಊರು. ದೈಹಿಕ ಶಿಕ್ಷಣದವರಿಗೆ ಮಾತ್ರ ಅದು 1985ರಲ್ಲಿ ಶುರುವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿನ ಊರು. ಇಂಥ ಕಾಲೇಜುಗಳಲ್ಲಿ ಕಲಿತು ಶಾಲೆ ಸೇರಿದ ಪಿ.ಟಿ. ಶಿಕ್ಷಕರಿಗೆ ಫುಟ್‌ಬಾಲ್, ವಾಲಿಬಾಲ್, ಕಬಡ್ಡಿಗಳ ಜೊತೆಗೆ ಒಮ್ಮೊಮ್ಮೆ ಹುಡುಗಿಯರ ಸಾಫ್ಟ್‌ಬಾಲ್ ತಂಡವೂ ಗಂಟುಬೀಳುತ್ತದೆ. ಸುಣ್ಣದ ಪುಡಿ ಹಿಡಿದು ಅಂಗಳಕ್ಕೆ ಇಳಿದಾಗ ಎದುರಾಗುವ ಮೊದಲ ಪ್ರಶ್ನೆ ಇದು: ಚೆಂಡೆಸೆಯುವ ಹುಡುಗಿ ಎಷ್ಟು ದೂರದಲ್ಲಿ ನಿಲ್ಲಬೇಕು? ಒಂದು ಪುಸ್ತಕ 40 ಅಡಿ ಅನ್ನುತ್ತದೆ, ಇನ್ನೊಂದು 43 ಅನ್ನುತ್ತದೆ, ಮತ್ತೊಂದರಲ್ಲಿ 46 ಇರುತ್ತದೆ. ಮೂರೂ ಸುಳ್ಳಲ್ಲ. ಒಂದೊಂದೂ ಒಂದೊಂದು ಕಾಲಕ್ಕೆ, ಒಂದೊಂದು ವರ್ಗಕ್ಕೆ ಸೇರಿದ ಅಳತೆ.

ಮೊದಲು ಆಟದ ಹುಟ್ಟನ್ನು ಎರಡು ಮಾತಿನಲ್ಲಿ ಮುಗಿಸೋಣ. 1887ರ ಚಳಿಗಾಲದಲ್ಲಿ ಶಿಕಾಗೋದ ಒಂದು ಕ್ಲಬ್ಬಿನೊಳಗೆ ಜಾರ್ಜ್ ಹ್ಯಾಂಕಾಕ್ ಎಂಬಾತ ಬಾಕ್ಸಿಂಗ್ ಕೈಗವಸನ್ನು ಬಿಗಿದು ಚೆಂಡು ಮಾಡಿ, ಕಸಪೊರಕೆಯ ಕೋಲನ್ನು ಬ್ಯಾಟು ಮಾಡಿ ಆಡಿಸಿದ ಒಳಾಂಗಣ ಬೇಸ್‌ಬಾಲೇ ಇದರ ಮೂಲ. ಛಾವಣಿಯ ಕೆಳಗಿನ ಆಟವಾದ್ದರಿಂದ ಅಂಗಳ ಕಿರಿದು, ಚೆಂಡು ದಪ್ಪ, ಎಸೆತ ಭುಜದ ಕೆಳಗಿನಿಂದ. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು 1926ರಲ್ಲಿ. ಹೆಸರು ಕೇಳಿ ಚೆಂಡು ಮೆತ್ತಗಿರುತ್ತದೆ ಅಂದುಕೊಂಡವರು ಒಮ್ಮೆ ಬರಿಗೈಯಲ್ಲಿ ಹಿಡಿದು ನೋಡಲಿ. 12 ಇಂಚು ಸುತ್ತಳತೆಯ, 180 ಗ್ರಾಂಗೂ ಮಿಕ್ಕಿ ತೂಗುವ ಆ ಹಳದಿ ಚೆಂಡು ಕ್ರಿಕೆಟ್ ಚೆಂಡಿಗಿಂತ ಭಾರ.

ನಮ್ಮ ದೇಶದಲ್ಲಿ ಈ ಆಟದ ಸಂಘ 1961ರಲ್ಲಿ ಜೋಧ್‌ಪುರದಲ್ಲಿ ಹುಟ್ಟಿತು. ಈಗ ಶಾಲಾ ಕ್ರೀಡೆಗಳ ಪಟ್ಟಿಯಲ್ಲೂ ಸಾಫ್ಟ್‌ಬಾಲ್ ಇದೆ. ಕೇರಳದ ಶಾಲೆಗಳಲ್ಲಿ ಸ್ಪರ್ಧೆಗಳು ಉಪಜಿಲ್ಲೆಯಿಂದ ಕಂದಾಯ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಏರುತ್ತವೆ. ಮಂಜೇಶ್ವರ, ಕುಂಬಳೆ ಉಪಜಿಲ್ಲೆಗಳ ಕನ್ನಡ ಶಾಲೆಯ ಮಕ್ಕಳು ಏರುವುದೂ ಇದೇ ಮೆಟ್ಟಿಲನ್ನು. ಮಲೆಯಾಳದಲ್ಲಿ ಕೂಗುವ ಅಂಪೈರನ ಮಾತು ಅರ್ಥವಾಗದಿದ್ದರೆ ಹೇಗೋ ಸಂಭಾಳಿಸಬಹುದು. ಆದರೆ ಶಾಲೆಯಂಗಳದಲ್ಲಿ 40 ಅಡಿಯಿಂದ ಎಸೆದು ಪಳಗಿದ ಹುಡುಗಿ ಪಂದ್ಯದ ದಿನ 43 ಅಡಿಯಲ್ಲಿ ನಿಂತಳೆಂದರೆ ಅವಳ ಚೆಂಡು ಬ್ಯಾಟರಳ ಮೊಣಕಾಲಿಗಿಂತ ಕೆಳಗೆ ಇಳಿಯುತ್ತದೆ. ಆ ತಪ್ಪು ಅವಳದ್ದಲ್ಲ, ಟೇಪು ಹಿಡಿದವರದ್ದು.

ದೂರ ಬದಲಾದ ಕಥೆ ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಹುಡುಗಿಯರ ವೇಗದ ಎಸೆತದ ಸಾಫ್ಟ್‌ಬಾಲಿನಲ್ಲಿ ಪಿಚರ್ ದಶಕಗಳ ಕಾಲ 40 ಅಡಿಯಿಂದಲೇ ಎಸೆಯುತ್ತಿದ್ದಳು. ಅಂತರರಾಷ್ಟ್ರೀಯ ಮಹಿಳಾ ಆಟದಲ್ಲೂ ಮೊದಲು ಅಷ್ಟೇ ದೂರವಿತ್ತು. ಎಸೆತದ ತಂತ್ರ ಬೆಳೆಯುತ್ತ ಹೋದಂತೆ, ಕೈಯನ್ನು ಗಾಳಿಗಿರಣಿಯಂತೆ ಪೂರ್ತಿ ಸುತ್ತಿ ಬಿಡುವ ಹುಡುಗಿಯರ ಮುಂದೆ ಬ್ಯಾಟರ್‌ಗಳು ಕಂಬದಂತೆ ನಿಲ್ಲತೊಡಗಿದರು. ಒಂದು ರನ್ನಿಗೆ, ಕೆಲವೊಮ್ಮೆ ಒಂದು ರನ್ನೂ ಇಲ್ಲದೆ ಇನಿಂಗ್ಸುಗಳು ಎಳೆದಾಡಿದವು. ಪಿಚರ್ ಮತ್ತು ಕ್ಯಾಚರ್ ಇಬ್ಬರೇ ಆಡಿದಂತೆ, ಉಳಿದ ಏಳು ಮಂದಿ ಅಂಗಳದಲ್ಲಿ ಬಿಸಿಲು ಕಾಯ್ದಂತೆ. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 1988ರ ಹೊತ್ತಿಗೆ ದೂರವನ್ನು 43 ಅಡಿಗೆ ಏರಿಸಿತು. ಹೈಸ್ಕೂಲುಗಳ ನಿಯಮ ಬರೆಯುವ ರಾಷ್ಟ್ರೀಯ ಒಕ್ಕೂಟ, ಎಲ್ಲರೂ ಎನ್‌ಎಫ್‌ಎಚ್‌ಎಸ್ ಎಂದು ಕರೆಯುವ ಸಂಸ್ಥೆ, ಅದೇ ತೀರ್ಮಾನಕ್ಕೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತು. 2010–11ರ ಶಾಲಾ ವರ್ಷದಿಂದ ಹುಡುಗಿಯರ ಹೈಸ್ಕೂಲು ಪಂದ್ಯಗಳಲ್ಲಿ 43 ಅಡಿ ಕಡ್ಡಾಯವಾಯಿತು. ಕೆಲವು ರಾಜ್ಯಗಳು ಅದಕ್ಕೂ ಮುಂಚೆಯೇ ಅಲ್ಲಿಗೆ ಹೋಗಿದ್ದವು.

ಈಗ ಅಂತರರಾಷ್ಟ್ರೀಯ ನಿಯಮದಲ್ಲಿ ಮಹಿಳೆಯರಿಗೆ 13.11 ಮೀಟರ್, ಅಂದರೆ 43 ಅಡಿ. ಪುರುಷರಿಗೆ 14.02 ಮೀಟರ್, ಅಂದರೆ 46 ಅಡಿ. ಅಮೆರಿಕದ ಚಿಕ್ಕ ಮಕ್ಕಳ ಲೀಗುಗಳಲ್ಲಿ ದೂರ ವಯಸ್ಸಿನ ಜೊತೆ ಬೆಳೆಯುತ್ತದೆ. 10ರ ಒಳಗಿನವರಿಗೆ 35 ಅಡಿ ಮತ್ತು 11 ಇಂಚಿನ ಸಣ್ಣ ಚೆಂಡು, 12ರ ಒಳಗಿನವರಿಗೆ 40 ಅಡಿ ಮತ್ತು 12 ಇಂಚಿನ ಚೆಂಡು, 14ರ ಒಳಗಿನವರಿಂದ ಮೇಲೆ 43 ಅಡಿ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗಳನ್ನು ಸಾಫ್ಟ್‌ಬಾಲಿಗೆ ಸೇರಿಸಿರುವ ನಮ್ಮ ಕನ್ನಡ ಅಪ್ಪ ಅಮ್ಮಂದಿರು ಈ ಏಣಿಯನ್ನು ನೆನಪಿಟ್ಟುಕೊಂಡರೆ ಸಾಕು. ಹಿತ್ತಲಲ್ಲಿ ಅಭ್ಯಾಸ ಮಾಡಿಸುವಾಗ ಎಲ್ಲಿ ಗೆರೆ ಎಳೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೂರು ಅಡಿ ಎಂದರೆ ಎಷ್ಟು ದೊಡ್ಡ ವಿಷಯ? ಕ್ರಿಕೆಟ್ ಕಣ್ಣಿನಿಂದ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಒಳ್ಳೆಯ ಹೈಸ್ಕೂಲು ಪಿಚರ್ ಗಂಟೆಗೆ 96 ಕಿ.ಮೀ. ವೇಗದಲ್ಲಿ ಎಸೆಯುತ್ತಾಳೆ ಎನ್ನೋಣ. ಹೆಜ್ಜೆ ಮುಂದಿಟ್ಟು ಚೆಂಡು ಬಿಡುವಾಗ ಅವಳ ಕೈ ತಾನು ನಿಂತಿದ್ದ ಪಿಚಿಂಗ್ ಪ್ಲೇಟಿಗಿಂತ ಸುಮಾರು ಎರಡು ಮೀಟರ್ ಮುಂದಿರುತ್ತದೆ. ಹಾಗಾಗಿ 40 ಅಡಿಯಲ್ಲಿ ಚೆಂಡು ಹಾರುವುದು 10 ಮೀಟರಿಗೆ ಸ್ವಲ್ಪ ಹೆಚ್ಚು, 43 ಅಡಿಯಲ್ಲಿ 11 ಮೀಟರಿಗೆ ಸ್ವಲ್ಪ ಹೆಚ್ಚು. ಮೊದಲನೆಯದರಲ್ಲಿ ಬ್ಯಾಟರಿಗೆ ಸಿಗುವುದು 0.38 ಸೆಕೆಂಡು, ಎರಡನೆಯದರಲ್ಲಿ 0.42 ಸೆಕೆಂಡು. ಕ್ರಿಕೆಟ್ ಪಿಚ್ಚಿನ ಎರಡು ಪಾಪಿಂಗ್ ಕ್ರೀಸುಗಳ ನಡುವಿನ 58 ಅಡಿಯನ್ನು ಚೆಂಡು 0.42 ಸೆಕೆಂಡಿನಲ್ಲಿ ದಾಟಬೇಕಾದರೆ ಬೌಲರ್ ಗಂಟೆಗೆ 152 ಕಿ.ಮೀ. ಆಸುಪಾಸಿನಲ್ಲಿ ಎಸೆಯಬೇಕು. 0.38 ಸೆಕೆಂಡಿನಲ್ಲಿ ದಾಟಬೇಕಾದರೆ ಸುಮಾರು 166 ಕಿ.ಮೀ. ನೆಲಕ್ಕೆ ಬಿದ್ದಾಗ ಚೆಂಡಿನ ವೇಗ ತಗ್ಗುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. 2003ರ ವಿಶ್ವಕಪ್ಪಿನಲ್ಲಿ ಶೋಯಬ್ ಅಖ್ತರ್ ಎಸೆದ ದಾಖಲೆಯ ಚೆಂಡಿನ ವೇಗವೇ 161.3. ಅಂದರೆ ಹಳೆಯ ದೂರದಲ್ಲಿ ಹದಿನಾರರ ಬ್ಯಾಟರಿಗೆ ಸಿಗುತ್ತಿದ್ದ ಸಮಯ, ಅಖ್ತರನನ್ನು ಎದುರಿಸಿದವರಿಗೆ ಸಿಕ್ಕಿದ್ದಕ್ಕಿಂತ ಕಡಿಮೆ. ಹೊಸ ದೂರ ಅದನ್ನು ಮನುಷ್ಯಮಾತ್ರರಿಂದ ಆಗುವಂಥ ಮಟ್ಟಕ್ಕೆ ತಂದಿತು, ಸುಲಭವೇನೂ ಮಾಡಲಿಲ್ಲ.

ಪಿಚರ್‌ಗಳಿಗೆ ಇದರಿಂದ ಬರೀ ನಷ್ಟವಾಯಿತು ಎನ್ನುವುದೂ ಸರಿಯಲ್ಲ. ತಿರುಗುತ್ತಾ ಹೋಗುವ ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೋ ಅದರ ವರ್ಗದಷ್ಟು ಬಾಗುತ್ತದೆ. ಹಾರುವ ಹೊತ್ತು ಒಂಬತ್ತು ಶೇಕಡಾ ಹೆಚ್ಚಿದರೆ ಬಾಗು ಸುಮಾರು ಹತ್ತೊಂಬತ್ತು ಶೇಕಡಾ ಹೆಚ್ಚುತ್ತದೆ. ಬರೀ ವೇಗವನ್ನೇ ನಂಬಿದ ಹುಡುಗಿಗೆ 43 ಅಡಿ ಕಷ್ಟ. ಡ್ರಾಪ್, ರೈಸ್, ನಿಧಾನದ ಚೇಂಜಪ್ ಎಸೆತಗಳನ್ನು ಕಲಿತವಳಿಗೆ ಅದು ಹೊಸ ಅಸ್ತ್ರ. ತರಬೇತಿ ಕೊಡುವವರು ಇದನ್ನು ಗಮನಿಸಬೇಕು. ದೂರ ಹೆಚ್ಚಾದಾಗ ಎಲ್ಲರಿಗೂ ಹೊಳೆಯುವ ಮದ್ದು 'ಇನ್ನೂ ಜೋರಾಗಿ ಎಸಿ' ಎಂಬುದು. ಭುಜಕ್ಕೆ, ರಟ್ಟೆಯ ಮುಂಭಾಗದ ಸ್ನಾಯುವಿಗೆ ಗಾಯ ತರುವುದೂ ಅದೇ. ಮೊದಲ ಕೆಲವು ವಾರ ಎಸೆತಗಳ ಸಂಖ್ಯೆ ಕಡಿಮೆ ಮಾಡಿ, ದೂರವನ್ನು ಅರ್ಧರ್ಧ ಅಡಿ ಹಿಂದಕ್ಕೆ ತಳ್ಳುತ್ತಾ ಹೋಗುವುದೇ ಜಾಣತನ.

ಈಗ ಟೇಪಿನ ಕೆಲಸ. ಇಲ್ಲಿ ಆಗುವ ತಪ್ಪುಗಳು ಹೆಚ್ಚು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೋಮ್ ಪ್ಲೇಟ್ ಐದು ಮೂಲೆಯದು. ಪಿಚರ್ ಕಡೆಗಿರುವ ಅಂಚು 17 ಇಂಚು ಅಗಲ. ಕ್ಯಾಚರ್ ಕಡೆಗೆ ಅದು ಚೂಪಾಗಿ ಒಂದು ತುದಿಯಲ್ಲಿ ಸೇರುತ್ತದೆ. ಅಳತೆ ಶುರುವಾಗುವುದು ಆ ಚೂಪು ತುದಿಯಿಂದ, ಮುಗಿಯುವುದು ಪಿಚಿಂಗ್ ಪ್ಲೇಟಿನ ಮುಂದಿನ ಅಂಚಿಗೆ. ಹೋಮ್ ಪ್ಲೇಟಿನ ಮುಂದಿನ ಅಂಚಿನಿಂದ ಅಳೆದರೆ 17 ಇಂಚು ಹೆಚ್ಚಾಗಿ, ಎಸೆಯುವವಳು 44 ಅಡಿ ದಾಟಿ ನಿಂತಿರುತ್ತಾಳೆ. ಪಿಚಿಂಗ್ ಪ್ಲೇಟ್ 24 ಇಂಚು ಉದ್ದ, 6 ಇಂಚು ಅಗಲದ ರಬ್ಬರ್ ಪಟ್ಟಿ. ಅದರ ಹಿಂದಿನ ಅಂಚಿಗೆ ಅಳತೆ ಮುಗಿಸಿದರೆ ಆರು ಇಂಚು ಕಡಿಮೆಯಾಗುತ್ತದೆ. ಎರಡೂ ನಾನು ಅಂಗಳಗಳಲ್ಲಿ ಮತ್ತೆ ಮತ್ತೆ ಕಂಡ ತಪ್ಪುಗಳೇ.

ಅಂಗಳ ಹಾಕುವಾಗ ಹೋಮ್ ಪ್ಲೇಟಿನ ಚೂಪಿಗೆ ಒಂದು ಗೂಟ ಹೊಡೆದು, ಎರಡನೇ ಬೇಸ್ ಇರುವ ದಿಕ್ಕಿಗೆ ಹುರಿ ಎಳೆದು 84 ಅಡಿ ಸವಾಹತ್ತು ಇಂಚಿಗೆ ಇನ್ನೊಂದು ಗೂಟ ಹೊಡೆಯಿರಿ. ಅದು ಎರಡನೇ ಬೇಸಿನ ನಡುಬಿಂದು. ನಂತರ ಎರಡೂ ಗೂಟಗಳಿಂದ 60 ಅಡಿಯ ಎರಡು ಹುರಿಗಳನ್ನು ಎಳೆದು ಅವು ಕೂಡುವ ಕಡೆ ಗುರುತು ಹಾಕಿದರೆ ಮೊದಲ ಬೇಸಿನ ಹೊರಮೂಲೆ ಸಿಗುತ್ತದೆ. ಆಚೆ ಬದಿಯಲ್ಲೂ ಹಾಗೇ ಮಾಡಿದರೆ ಮೂರನೆಯದು. ಲಂಬಕೋನದ ಚೌಕ ತಾನಾಗಿ ಬಂದಿರುತ್ತದೆ, ಮೂಲೆಮಟ್ಟ ಬೇಕಿಲ್ಲ.

ಇನ್ನು ಒಂದು ತಾಳೆ ನೋಡುವ ಉಪಾಯ. ಚೌಕದ ಕರ್ಣದ ಅರ್ಧ 42 ಅಡಿ 5 ಇಂಚು. ಮೊದಲ ಬೇಸಿನ ಗುರುತಿನಿಂದ ಮೂರನೇ ಬೇಸಿನ ಗುರುತಿಗೆ ಹುರಿ ಕಟ್ಟಿದರೆ ಅದು ಹೋಗುವುದು ಸರಿಯಾಗಿ ಈ ನಡುವಿನಲ್ಲೇ. 43 ಅಡಿಯ ಪಿಚಿಂಗ್ ಪ್ಲೇಟಿನ ಮುಂದಿನ ಅಂಚು ಈ ಹುರಿಯಿಂದ ಸುಮಾರು 7 ಇಂಚು, ಅಂದರೆ 18 ಸೆಂ.ಮೀ., ಎರಡನೇ ಬೇಸಿನ ಕಡೆಗೆ ಇರಬೇಕು. ಪ್ಲೇಟು ಹುರಿಯ ಈಚೆ, ಹೋಮ್ ಕಡೆಗೆ ಸುಮಾರು ಎರಡೂವರೆ ಅಡಿ ಬಂದಿದ್ದರೆ ಅದು ಹಳೆಯ 40 ಅಡಿಯ ಅಂಗಳ. ಟೇಪು ಇಲ್ಲದೆಯೂ ಒಂದು ಹುರಿಯಿಂದ ಇಷ್ಟನ್ನು ಹೇಳಿಬಿಡಬಹುದು. ಪಂದ್ಯದ ಬೆಳಿಗ್ಗೆ ಜಗಳ ತಪ್ಪಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಪಿಚಿಂಗ್ ಪ್ಲೇಟಿನ ಮುಂದಿನ ಅಂಚಿನ ನಡುವನ್ನು ಕೇಂದ್ರವಾಗಿಟ್ಟು 8 ಅಡಿ ತ್ರಿಜ್ಯದ ವೃತ್ತ ಎಳೆಯುವುದನ್ನು ಮರೆಯಬೇಡಿ. ಪ್ಲೇಟು ಸರಿಸಿ ಹಳೆಯ ವೃತ್ತವನ್ನು ಅಲ್ಲೇ ಬಿಟ್ಟರೆ ಓಟಗಾರ್ತಿಯರಿಗೂ ಅಂಪೈರ್‌ಗೂ ಗೊಂದಲ.

ಕೇರಳದ ಶಾಲೆಗಳಲ್ಲಿ ಸಾಫ್ಟ್‌ಬಾಲಿಗೆಂದೇ ಅಂಗಳ ಇರುವುದು ಅಪರೂಪ, ಫುಟ್‌ಬಾಲ್ ಮೈದಾನವೇ ಗತಿ. ಅದರಿಂದ ತೊಂದರೆಯಿಲ್ಲ. ಅಂತರರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಮೈದಾನ 68 ಮೀಟರ್ ಅಗಲ. ಮಹಿಳಾ ಸಾಫ್ಟ್‌ಬಾಲಿಗೆ ಬೇಲಿಯವರೆಗೆ ಬೇಕಾಗುವ 200ರಿಂದ 220 ಅಡಿ, ಅಂದರೆ 61ರಿಂದ 67 ಮೀಟರ್, ಒಂದು ಮೂಲೆಯಲ್ಲಿ ಹೋಮ್ ಪ್ಲೇಟ್ ಇಟ್ಟರೆ ಅದರಲ್ಲೇ ಕೂಡಿಬರುತ್ತದೆ. ಶಾಲೆಯ ಮೈದಾನ ಅದಕ್ಕಿಂತ ಕಿರಿದಾಗಿದ್ದರೆ ಬೇಲಿಯನ್ನು ಹತ್ತಿರಕ್ಕೆ ತನ್ನಿ, ಪಿಚಿಂಗ್ ದೂರವನ್ನು ಮಾತ್ರ ಮುಟ್ಟಬೇಡಿ. ಮುರಕಲ್ಲಿನ ಹರಳು ಎದ್ದಿರುವ ನೆಲವಾದರೆ ಬೇಸುಗಳ ಸುತ್ತ ಗುಡಿಸಿ, ಮಣ್ಣು ಹಾಕಿ ನೀರು ಚಿಮುಕಿಸಬೇಕು. ಜಾರುವ ಹುಡುಗಿಯ ತೊಡೆಗೆ ನಿಯಮಪುಸ್ತಕ ಮುಲಾಮು ಹಚ್ಚುವುದಿಲ್ಲ.

ದೂರವನ್ನು ಮಾತ್ರ ಬದಲಿಸಿ ಸಲಕರಣೆಯನ್ನು ಹಾಗೇ ಬಿಟ್ಟಿದ್ದರೆ ಈ ಸುಧಾರಣೆ ಅರ್ಧವಾಗುತ್ತಿತ್ತು. ಮರದಿಂದ ಅಲ್ಯುಮಿನಿಯಮ್ಮಿಗೆ ಹೋಗಿದ್ದ ಬ್ಯಾಟು ಅಲ್ಲಿಂದ ಕಾಂಪೋಸಿಟ್ಟಿಗೆ ಹೋದ ಕಾಲವೂ ಇದೇ. ಟೊಳ್ಳು ಬ್ಯಾಟಿನ ತೆಳು ಗೋಡೆ ಚೆಂಡು ತಾಗಿದಾಗ ಒಳಕ್ಕೆ ಬಾಗಿ ಮತ್ತೆ ಚಿಮ್ಮುತ್ತದೆ. ಚೆಂಡು ತಾನೇ ಹಿಚುಕಿಕೊಂಡು ಶಕ್ತಿ ಕಳೆದುಕೊಳ್ಳುವುದು ಕಡಿಮೆಯಾಗಿ ಅದು ಬಾಣದಂತೆ ಹೊರಡುತ್ತದೆ. ಕಾಂಪೋಸಿಟ್ ಬ್ಯಾಟಿನ ವಿಚಿತ್ರವೆಂದರೆ ಆಡಿದಷ್ಟೂ ಅದರ ಪದರಗಳು ಸಡಿಲಗೊಂಡು ಚಿಮ್ಮುವಿಕೆ ಹೆಚ್ಚುತ್ತದೆ. ಇದನ್ನು ತಿಳಿದು ಕೆಲವರು ಯಂತ್ರದಲ್ಲಿ ಉರುಳಿಸಿ ಬೇಗನೆ ಸಡಿಲ ಮಾಡುತ್ತಾರೆ, ಅದು ಮೋಸ. ಅಮೆರಿಕದ ಸಾಫ್ಟ್‌ಬಾಲ್ ಸಂಘ 2004ರಲ್ಲಿ ತಂದ ಮಾನದಂಡ ಬ್ಯಾಟಿನಿಂದ ಹೊರಡುವ ಚೆಂಡಿನ ವೇಗಕ್ಕೆ ಗಂಟೆಗೆ 98 ಮೈಲಿ, ಅಂದರೆ ಸುಮಾರು 158 ಕಿ.ಮೀ. ಮಿತಿ ಹಾಕಿತು. ಅಲ್ಲಿನ ಹೈಸ್ಕೂಲು ನಿಯಮವೂ ಆ ಮಾನದಂಡದ ಮುದ್ರೆಯಿರುವ ಬ್ಯಾಟನ್ನೇ ಕೇಳುತ್ತದೆ. ಉದ್ದ 34 ಇಂಚಿಗೆ, ತೂಕ 38 ಔನ್ಸಿಗೆ, ದಪ್ಪ ಎರಡೂಕಾಲು ಇಂಚಿಗೆ ಮೀರಬಾರದು.

ಆ 158 ಕಿ.ಮೀ.ಯ ಅರ್ಥ ಪಿಚರಿಗೆ ಏನು? ಎಸೆದು ಮುಗಿಸಿ ಅವಳು ನಿಂತ ಜಾಗಕ್ಕೆ ಬ್ಯಾಟಿನಿಂದ ಸುಮಾರು 11 ಮೀಟರ್. ನೇರ ಬರುವ ಹೊಡೆತ ತಲುಪಲು ಕಾಲು ಸೆಕೆಂಡು ಸಾಕು. ಹಳೆಯ 40 ಅಡಿಯಲ್ಲಿ ಅಷ್ಟೂ ಇರಲಿಲ್ಲ. ದೂರ ಹೆಚ್ಚಿಸಿದ್ದು ಬ್ಯಾಟರಿಗೆ ಸಹಾಯ ಎಂದು ಎಲ್ಲರೂ ಹೇಳುತ್ತಾರೆ, ನನ್ನ ಲೆಕ್ಕದಲ್ಲಿ ಅದು ಪಿಚರ್ ಮುಖಕ್ಕೂ ಸಿಕ್ಕ ರಕ್ಷಣೆ. ಆದರೆ ಬಂಟ್, ಅಂದರೆ ಬ್ಯಾಟು ಬೀಸದೆ ಮೆಲ್ಲನೆ ತಾಗಿಸುವ ಹೊಡೆತ, ಕಾಯಲು ಹೋಮ್ ಪ್ಲೇಟಿನ ಹತ್ತಿರ ಬಂದು ನಿಲ್ಲುವ ಮೊದಲ ಮತ್ತು ಮೂರನೇ ಬೇಸಿನ ಹುಡುಗಿಯರಿಗೆ ಈ ಮೂರು ಅಡಿಯಿಂದ ಏನೂ ಸಿಗಲಿಲ್ಲ. ಅವರು ಪಿಚರಿಗಿಂತಲೂ ಹತ್ತಿರ ಇರುತ್ತಾರೆ. ಫೀಲ್ಡರುಗಳ ಮುಖಕವಚವನ್ನು ಹೈಸ್ಕೂಲು ನಿಯಮ ಕಡ್ಡಾಯ ಮಾಡಿಲ್ಲ. ಮಾಡಬೇಕಿತ್ತು ಅನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ.

ಬ್ಯಾಟರ್ ವಿಷಯದಲ್ಲಿ ಅಮೆರಿಕದ ಹೈಸ್ಕೂಲು ಒಕ್ಕೂಟ ಗಟ್ಟಿ ನಿಂತಿತು. 2006ರ ಜನವರಿಯಿಂದ ಹೈಸ್ಕೂಲು ಬ್ಯಾಟರ್ ಮತ್ತು ಓಟಗಾರ್ತಿಯರ ಹೆಲ್ಮೆಟ್ಟಿಗೆ ಮುಂದೆ ಕಂಬಿಯ ಮುಖಕವಚ ಇರಲೇಬೇಕು, ಹೆಲ್ಮೆಟ್ಟಿನ ಮೇಲೆ ಸುರಕ್ಷತಾ ಮಾನದಂಡದ ಮುದ್ರೆ ಇರಲೇಬೇಕು. ಕ್ಯಾಚರಿಗೆ ಹೆಲ್ಮೆಟ್, ಮುಖಕವಚ, ಗಂಟಲ ರಕ್ಷೆ, ಎದೆಕವಚ, ಕಾಲಿನ ಪ್ಯಾಡು ಬೇಕು. ಚೆಂಡಿಗೂ ಮಿತಿಯುಂಟು. ಹಳದಿ ಮೈ, ಕೆಂಪು ಹೊಲಿಗೆ, ಪುಟಿಯುವ ಗುಣಾಂಕ 0.47ಕ್ಕೆ ಮೀರಬಾರದು, ಕಾಲು ಇಂಚು ಹಿಚುಕಲು 375 ಪೌಂಡಿಗಿಂತ ಹೆಚ್ಚು ಬಲ ಬೇಕಾಗುವಷ್ಟು ಗಟ್ಟಿ ಇರಬಾರದು. ಕೈಗವಸು ಚೆಂಡಿನ ಬಣ್ಣದ್ದಾಗಿರಬಾರದು ಎಂಬ ಸಣ್ಣ ನಿಯಮದ ಹಿಂದೆಯೂ ಇದೇ ಯೋಚನೆ ಇದೆ: ಚೆಂಡು ಕೈಯಿಂದ ಹೊರಟ ಕ್ಷಣ ಬ್ಯಾಟರ್ ಕಣ್ಣಿಗೆ ಬೀಳಬೇಕು.

ತಿರುವನಂತಪುರದಂಥ ಸೆಕೆಯೂರಿಗೆ ಒಂದು ಮಾತು ಸೇರಿಸಬೇಕು. ಚೆಂಡಿನ ಒಳಗಿನ ಪಾಲಿಯುರೆಥೇನ್ ತಿರುಳು ಬಿಸಿಗೆ, ತೇವಕ್ಕೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಚರ್ಮದ ಹೊದಿಕೆ ನೀರು ಕುಡಿದು ಭಾರವಾಗುತ್ತದೆ. ಚೆಂಡುಗಳನ್ನು ಸ್ಟೋರ್ ರೂಮಿನ ನೆಲದಲ್ಲಿ ಗೋಣಿಚೀಲದಲ್ಲಿ ಬಿಡದೆ ಒಣ ಪೆಟ್ಟಿಗೆಯಲ್ಲಿಡಿ. ಪಂದ್ಯಕ್ಕೆ ಒಂದೇ ಜಾತಿಯ, ಒಂದೇ ಪ್ರಾಯದ ಚೆಂಡು ಬಳಸಿ. ಇಲ್ಲದಿದ್ದರೆ ಒಂದು ಇನಿಂಗ್ಸಿನಲ್ಲಿ ಕಲ್ಲು, ಮುಂದಿನದರಲ್ಲಿ ಹಿಟ್ಟಿನುಂಡೆ.

ನಮ್ಮ ಶಾಲೆಗಳಿಗೆ ಮೀರತ್, ಜಲಂಧರ್ ಕಡೆಯಿಂದ ಬರುವ ಸಾಧಾರಣ ಅಲಾಯ್ ಬ್ಯಾಟುಗಳಲ್ಲಿ ಅಮೆರಿಕದ ಮುದ್ರೆ ಹುಡುಕಿ ಪ್ರಯೋಜನವಿಲ್ಲ. ಅವುಗಳ ಅಪಾಯವೂ ಬೇರೆ. ಅಲುಗಾಡಿಸಿ ನೋಡಿ, ಒಳಗೆ ಗಲಗಲ ಸದ್ದು ಬಂದರೆ ಬೇಡ. ಮೈಯಲ್ಲಿ ಬೆರಳಾಡಿಸಿ, ತಗ್ಗು, ಬಿರುಕು, ಚೂಪು ಅಂಚು ಸಿಕ್ಕರೆ ಬೇಡ. ಹಿಡಿಯ ಟೇಪು ಸಡಿಲಾಗಿದ್ದರೆ ಹೊಸದು ಸುತ್ತಿ. ಹಿಡಿಯ ತುದಿಯ ಗುಬ್ಬಿ ಅಲುಗಿದರೆ ಆ ಬ್ಯಾಟನ್ನು ಅಂದೇ ಗುಜರಿಗೆ ಹಾಕಿ. ಕೈಯಿಂದ ಜಾರಿ ಹಾರಿದ ಬ್ಯಾಟು ಚೆಂಡಿಗಿಂತ ಅಪಾಯ.

ಅಂದಮೇಲೆ ನಿಮ್ಮ ಶಾಲೆಗೆ ಯಾವ ದೂರ? ನಿಮ್ಮ ಪಂದ್ಯಾವಳಿಯ ಸುತ್ತೋಲೆಯಲ್ಲಿ ವಯೋವರ್ಗಕ್ಕೆ ಏನು ಬರೆದಿದೆಯೋ ಅದೇ. ಚಿಕ್ಕ ವರ್ಗದವರಿಗೆ ಆಯೋಜಕರು ದೂರ ಕಡಿಮೆ ಇಡಬಹುದು. ಸುತ್ತೋಲೆ ಮೌನವಾಗಿದ್ದರೆ ಉಪಜಿಲ್ಲೆಯ ಕ್ರೀಡಾ ಕಾರ್ಯದರ್ಶಿಯನ್ನು ಲಿಖಿತವಾಗಿ ಕೇಳಿ, ಅಭ್ಯಾಸಕ್ಕೆ ಅಂಗಳದಲ್ಲಿ 40 ಮತ್ತು 43 ಎರಡಕ್ಕೂ ಗುರುತು ಹಾಕಿಡಿ. ದೊಡ್ಡ ಹುಡುಗಿಯರು 43ರಲ್ಲೇ ಪಳಗಲಿ. ಮುಂದೆ ವಿಶ್ವವಿದ್ಯಾಲಯಕ್ಕೆ, ರಾಜ್ಯ ತಂಡಕ್ಕೆ ಹೋದರೆ ಕಾಯುವ ದೂರ ಅದೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸಾಫ್ಟ್‌ಬಾಲ್ ಮತ್ತೆ ಬರುತ್ತಿದೆ. ಟಿ.ವಿ.ಯಲ್ಲಿ ಅವರು ನೋಡುವ ಅಳತೆಯೂ ಅದೇ.

ಪಿ.ಟಿ.ಎ. ಸಭೆಯಲ್ಲಿ ಸಾಫ್ಟ್‌ಬಾಲಿಗೆ ಅಷ್ಟಿಷ್ಟು ಹಣ ಮಂಜೂರಾದರೆ ಹೊಸ ಬ್ಯಾಟು, ತಂಡದ ಜೆರ್ಸಿ ಎಂದು ಮಕ್ಕಳು ಒತ್ತಾಯಿಸುತ್ತಾರೆ. ಅವು ಮುಂದಿನ ವರ್ಷಕ್ಕಿರಲಿ. ಮೊದಲ ದುಡ್ಡಿಗೆ ಮುಖಕವಚವಿರುವ ಹೆಲ್ಮೆಟ್‌ಗಳನ್ನು ಕೊಳ್ಳಿ, ಎರಡನೆಯದಕ್ಕೆ ಕ್ಯಾಚರಳ ಗಂಟಲ ರಕ್ಷೆಯನ್ನು, ಉಳಿದದ್ದರಲ್ಲಿ ಒಂದು ಒಳ್ಳೆಯ 30 ಮೀಟರ್ ಟೇಪನ್ನು.